ಒಂದು ತಂಬುಳಿಗಾಗುವಷ್ಟು ಎಲೆ

ತರಕಾರಿ ಕೊಂಡು, ದುಡ್ಡಿನ ಲೆಕ್ಕ ಮುಗಿದ ಮೇಲೂ ಕೈಚೀಲ ಮುಚ್ಚದೆ ಒಂದು ಗಳಿಗೆ ನಿಲ್ಲುವುದು ನಮ್ಮ ಸಂತೆ, ಬೀದಿಗಳ ಹಳೆಯ ರೂಢಿ. ‘ಒಂದಿಷ್ಟು ಕರಿಬೇವು ಹಾಕಪ್ಪ’ ಎಂದರೆ ಸಾಕು, ವ್ಯಾಪಾರಿ ಎರಡು ಎಸಳು ಕರಿಬೇವು, ನಾಲ್ಕು ಕಡ್ಡಿ ಕೊತ್ತಂಬರಿ ಮುರಿದು ಮೇಲಿಡುತ್ತಾನೆ. ಅದು ಕೊಸರು. ಮೊಬೈಲಿನಲ್ಲಿ ತರಕಾರಿ ತರಿಸುವ ಮನೆಗೆ ಕೊಸರು ಬರುವುದಿಲ್ಲ. ಅಲ್ಲಿ ಕರಿಬೇವು ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಬೆಲೆಚೀಟಿ ಅಂಟಿಸಿಕೊಂಡು ಬರುತ್ತದೆ. ಒಗ್ಗರಣೆಗೆ ಬೇಕಾದದ್ದು ಎಂಟು ಎಲೆ, ಬಂದದ್ದು ಒಂದು ಹಿಡಿ. ಮಿಕ್ಕದ್ದು ಫ್ರಿಜ್ಜಿನ ಮೂಲೆಯಲ್ಲಿ ಕಪ್ಪಾಗಿ ಕಸದ ಬುಟ್ಟಿ ಸೇರುತ್ತದೆ.

ಮನೆಯಲ್ಲೇ ನಾಲ್ಕು ಕುಂಡ ಇಡೋಣ ಎಂಬ ಯೋಚನೆ ಹಲವರಿಗೆ ಹುಟ್ಟುವುದು ಇಂಥ ಹೊತ್ತಿನಲ್ಲೇ.

ಯೋಚನೆ ಒಳ್ಳೆಯದು. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಲಾಲ್‌ಬಾಗಿನಲ್ಲಿ ಜನವರಿ ಮತ್ತು ಆಗಸ್ಟ್ ತಿಂಗಳಲ್ಲಿ ಫಲಪುಷ್ಪ ಪ್ರದರ್ಶನ ನೋಡಿ ಬರುವವರ ಚೀಲಗಳಲ್ಲಿ ರೋಸ್‌ಮೇರಿ, ಥೈಮ್, ಸ್ಟೀವಿಯಾ, ‘ಇನ್ಸುಲಿನ್ ಗಿಡ’ ಎಲ್ಲ ಇರುತ್ತವೆ. ಒಂದೇ ದಿನಕ್ಕೆ ಹನ್ನೆರಡು ಕುಂಡ ಬಾಲ್ಕನಿ ತುಂಬುತ್ತವೆ. ಮೂರು ತಿಂಗಳ ನಂತರ ನೋಡಿದರೆ ಅರ್ಧಕ್ಕರ್ಧ ಒಣಗಿರುತ್ತವೆ. ನೀರು ಹಾಕಲಿಲ್ಲ, ಬಿಸಿಲು ಸಾಲಲಿಲ್ಲ ಎಂದು ಮನೆಯವರು ಕಾರಣ ಹುಡುಕುತ್ತಾರೆ. ಅದೂ ನಿಜವಿರಬಹುದು. ಅದಕ್ಕಿಂತ ದೊಡ್ಡ ಕಾರಣ, ಆ ಎಲೆಗಳಿಂದ ಮಾಡುವ ಅಡುಗೆ ಆ ಮನೆಯಲ್ಲಿ ಇರಲಿಲ್ಲ ಎಂಬುದು. ಕೀಳದ ಗಿಡದ ಮೇಲೆ ಕಣ್ಣು ಹೋಗುವುದಿಲ್ಲ. ಕಣ್ಣು ಹೋಗದಿದ್ದರೆ ಎಲೆಯಡಿಯ ಬಿಳಿ ಹಿಟ್ಟುತಿಗಣೆಯೂ ಕಾಣುವುದಿಲ್ಲ, ಒಣಗಿದ ಮಣ್ಣೂ ಕಾಣುವುದಿಲ್ಲ. ವಾರಕ್ಕೆರಡು ಸಲ ಕುಡಿ ಚಿವುಟಿಸಿಕೊಳ್ಳುವ ಗಿಡವನ್ನು ಮನೆಯವರು ವಾರಕ್ಕೆರಡು ಸಲ ನೋಡಿದಂತೆಯೇ. ಜೊತೆಗೆ, ಕುಡಿ ಚಿವುಟಿದಷ್ಟೂ ಅದು ಪಕ್ಕಕ್ಕೆ ಕವಲೊಡೆದು ಪೊದೆಯಾಗುತ್ತದೆ.

ಆದ್ದರಿಂದ ಮನೆಯ ಮೂಲಿಕೆ ತೋಟದ ಪಟ್ಟಿ ಬರೆಯಲು ಕೂರಬೇಕಾದ ಜಾಗ ನರ್ಸರಿಯಲ್ಲ, ಅಡುಗೆಮನೆ. ಈ ಮನೆಯಲ್ಲಿ ತಿಂಗಳಿಗೆ ಎಷ್ಟು ಸಲ ತಂಬುಳಿ ಆಗುತ್ತದೆ, ಚಟ್ನಿಪುಡಿ ಯಾರಿಗೆ ಇಷ್ಟ, ಸಂಜೆ ಚಹಾದ ಜೊತೆ ಕಷಾಯ ಕುಡಿಯುವವರು ಇದ್ದಾರೆಯೇ? ಉತ್ತರ ಸಿಕ್ಕಿದರೆ ಗಿಡಗಳ ಹೆಸರು ತಾನಾಗಿ ಬರುತ್ತದೆ. ಬಹುಪಾಲು ಕನ್ನಡ ಮನೆಗಳಿಗೆ ಶುರುವಿಗೆ ನಾಲ್ಕು ಸಾಕು: ದೊಡ್ಡಪತ್ರೆ, ಒಂದೆಲಗ, ಕರಿಬೇವು, ಮಜ್ಜಿಗೆ ಹುಲ್ಲು. ಐದನೆಯದಾಗಿ ತುಳಸಿ ಹೇಗೂ ಇದ್ದೇ ಇರುತ್ತದೆ.

ನಾಲ್ಕರಲ್ಲಿ ಮೊದಲ ಕುಂಡ ದೊಡ್ಡಪತ್ರೆಗೇ ಸಲ್ಲಬೇಕು. ಇಷ್ಟು ಸುಲಭವಾಗಿ ಬದುಕುವ, ಇಷ್ಟು ಬೇಗ ಕೈಗೆ ಸಿಗುವ ಗಿಡ ಇನ್ನೊಂದಿಲ್ಲ. ಬೀಜ ಬೇಡ, ಸಸಿಗೆ ದುಡ್ಡು ಬೇಡ. ನಾಲ್ಕೈದು ಅಂಗುಲದ ಬಲಿತ ಕಡ್ಡಿ ಮುರಿದು, ಕೆಳಗಿನ ಎರಡು ಜೊತೆ ಎಲೆ ತೆಗೆದು, ಸಡಿಲ ಮಣ್ಣಿಗೆ ಚುಚ್ಚಿ ನೆರಳಲ್ಲಿಟ್ಟರೆ ಎರಡು ವಾರದೊಳಗೆ ಬೇರು ಹಿಡಿಯುತ್ತದೆ. ಆಮೇಲೆ ಬೆಳಗಿನ ಮೂರು ನಾಲ್ಕು ತಾಸು ಬಿಸಿಲು ಬೀಳುವ ಜಾಗ ಕೊಟ್ಟರಾಯಿತು. ಪೂರ್ತಿ ನೆರಳಲ್ಲಿ ಬೆಳೆದದ್ದಕ್ಕೆ ಎಲೆ ಅಗಲ, ತೆಳು, ಪರಿಮಳ ಕಡಿಮೆ. ಬಿಸಿಲು ಕಂಡದ್ದರ ಎಲೆ ಚಿಕ್ಕದು, ದಪ್ಪ, ಮುರಿದರೆ ಮೂಗಿಗೆ ಅಡರುವ ಘಮ. ಈ ಗಿಡವನ್ನು ಕೊಲ್ಲುವುದು ಬಾಯಾರಿಕೆಯಲ್ಲ, ನೀರಿನ ಅತಿ. ಎಲೆ, ಕಾಂಡ ಎರಡರಲ್ಲೂ ನೀರು ಕೂಡಿಟ್ಟುಕೊಳ್ಳುವ ಗಿಡವಾದ್ದರಿಂದ ಮೇಲಿನ ಒಂದಂಗುಲ ಮಣ್ಣು ಒಣಗಿದ ಮೇಲೆ ನೀರು ಹಾಕಿದರೆ ಸಾಕು.

ಹಳೆ ಮೈಸೂರಿನ ದೊಡ್ಡಪತ್ರೆಗೆ ಕರಾವಳಿಯಲ್ಲಿ ಸಾಂಬ್ರಾಣಿ ಎನ್ನುತ್ತಾರೆ, ಮಲೆನಾಡಿನ ಕೆಲವೆಡೆ ಸಾಂಬಾರ ಸೊಪ್ಪು. ನರ್ಸರಿಗಳಲ್ಲಿ ‘ಅಜವಾನ ಗಿಡ’ ಎಂದು ಚೀಟಿ ಅಂಟಿಸಿ ಮಾರುವುದೂ ಉಂಟು. ಅದು ತಪ್ಪು. ಅಜವಾನ ಎಂದರೆ ಓಮ; ಓಮದ ಕಾಳು ಕೊತ್ತಂಬರಿ, ಜೀರಿಗೆಯ ಕುಟುಂಬದ ಬೇರೊಂದು ಗಿಡದ ಫಲ. ತುಳಸಿ, ಪುದೀನ ಕುಟುಂಬದ ದೊಡ್ಡಪತ್ರೆಗೂ ಅದಕ್ಕೂ ಸಂಬಂಧವಿಲ್ಲ. ಎರಡರ ವಾಸನೆ ಹೋಲುವುದಕ್ಕೆ ಕಾರಣ ಎರಡರಲ್ಲೂ ಇರುವ ಥೈಮಾಲ್ ಎಂಬ ತೈಲಾಂಶ. ದೊಡ್ಡಪತ್ರೆಯಲ್ಲಿ ಕಾರ್ವಕ್ರೋಲ್ ಎಂಬ ಇನ್ನೊಂದು ತೈಲಾಂಶವೂ ಇದೆ. ಪಿಜ್ಜಾದ ಮೇಲೆ ಉದುರಿಸುವ ಒರೆಗಾನೊಗೆ ಪರಿಮಳ ಕೊಡುವುದೂ ಅದೇ. ಪಶ್ಚಿಮದವರು ನಮ್ಮ ದೊಡ್ಡಪತ್ರೆಯನ್ನು ‘ಕ್ಯೂಬಾದ ಒರೆಗಾನೊ’ ಎನ್ನುವುದು ಇದಕ್ಕೇ. 1790ರಲ್ಲಿ ಇದನ್ನು ವರ್ಣಿಸಿದ ಪೋರ್ಚುಗೀಸ್ ಪಾದ್ರಿ ಲೊರೇರೊ ಇಂಡೋನೇಷ್ಯಾದ ಅಂಬೊಯ್ನಾ ದ್ವೀಪದ ಹೆಸರನ್ನು ಇದಕ್ಕೆ ಇಟ್ಟ. ಗಿಡದ ತವರು ಮಾತ್ರ ಆಫ್ರಿಕದ ಪೂರ್ವ ಮತ್ತು ದಕ್ಷಿಣ ಭಾಗ ಎಂಬುದು ಸಸ್ಯತಜ್ಞರ ಅಭಿಪ್ರಾಯ. ಅಜ್ಜಿಯ ಕಾಲದಿಂದ ಹಿತ್ತಲಲ್ಲಿದ್ದದ್ದೆಲ್ಲ ಇಲ್ಲಿಯದೇ ಆಗಿರಬೇಕಿಲ್ಲ. ಹೊರಗಿನಿಂದ ಬಂದದ್ದೂ ಮನೆಮಾತಾಗಬಲ್ಲದು.

ಹೆಸರಿನ ತೊಡಕು ಒಂದೆಲಗದಲ್ಲಿ ಇನ್ನೂ ದೊಡ್ಡದು. ತುಳುವಿನಲ್ಲಿ ತಿಮರೆ ಎನ್ನುವ ಈ ನೆಲಬಳ್ಳಿಯನ್ನು ಕರ್ನಾಟಕದ ಹೆಚ್ಚಿನ ಕಡೆ ಬ್ರಾಹ್ಮಿ ಎಂದೂ ಕರೆಯುತ್ತಾರೆ. ಆಯುರ್ವೇದದ ಅಧಿಕೃತ ಔಷಧಕೋಶದಲ್ಲಿ ಬ್ರಾಹ್ಮಿ ಎಂದರೆ ಬೇರೆ ಗಿಡ: ಸಣ್ಣ, ದಪ್ಪ ಎಲೆಯ, ತಿಳಿ ನೀಲಿ ಅಥವಾ ಬಿಳಿ ಹೂವಿನ ನೀರುಬ್ರಾಹ್ಮಿ. ಸಸ್ಯಶಾಸ್ತ್ರದಲ್ಲಿ ಅದು ಬಕೋಪಾ ಮೊನ್ನಿಯೇರಿ. ಒಂದೆಲಗ ಎಂದರೆ ಸೆಂಟೆಲಾ ಏಷಿಯಾಟಿಕಾ; ಅದಕ್ಕೆ ಔಷಧಕೋಶದಲ್ಲಿರುವ ಹೆಸರು ಮಂಡೂಕಪರ್ಣಿ. ಗುರುತು ಹಿಡಿಯುವುದು ಕಷ್ಟವಲ್ಲ. ಒಂದೆಲಗದ ಒಂದೊಂದು ತೊಟ್ಟಿಗೆ ಒಂದೇ ಎಲೆ, ಅದು ದುಂಡಗೆ, ಮೂತ್ರಪಿಂಡದ ಆಕಾರದಲ್ಲಿ, ಅಂಚಿನಲ್ಲಿ ಸಣ್ಣ ಹಲ್ಲುಗಳೊಂದಿಗೆ ಇರುತ್ತದೆ. ನೀರುಬ್ರಾಹ್ಮಿಯ ಎಲೆ ಕಾಂಡದ ಎರಡೂ ಬದಿಗೆ ಜೋಡಿಜೋಡಿಯಾಗಿ ಬರುತ್ತದೆ. ತಂಬುಳಿಗೆ ಬೇಕಾದದ್ದು ಒಂದೆಲಗ. ಇನ್ನೊಂದು ಬಾಯಿಗಿಡಲಾಗದಷ್ಟು ಕಹಿ.

ಒಂದೆಲಗಕ್ಕೆ ಆಳದ ಕುಂಡ ಬೇಡ, ಅಗಲದ ತೊಟ್ಟಿ ಬೇಕು. ಒಡೆದ ಪ್ಲಾಸ್ಟಿಕ್ ಟಬ್ಬು ಆದರೂ ಸರಿ, ಆರು ಅಂಗುಲ ಮಣ್ಣು ಹಿಡಿದರೆ ಸಾಕು. ಸದಾ ತೇವ, ಅರೆನೆರಳು ಇದ್ದರೆ ಬಳ್ಳಿ ಗಂಟುಗಂಟಿಗೆ ಬೇರಿಳಿಸಿಕೊಂಡು ಹರಡುತ್ತದೆ. ಒಂದು ಗೇಣು ಬಳ್ಳಿ ತಂದು ನೆಟ್ಟವರ ಟಬ್ಬು ಒಂದು ಮಳೆಗಾಲದಲ್ಲಿ ತುಂಬುವುದುಂಟು. ಗದ್ದೆಯಂಚು, ತೋಟದ ಕಾಲುವೆ ಬದಿಯಲ್ಲಿ ಇದು ತಾನಾಗಿ ಬೆಳೆಯುತ್ತದೆ ನಿಜ. ಆದರೆ ತಾನಿರುವ ನೀರು ಮಣ್ಣಿನ ಭಾರಲೋಹಗಳನ್ನು ಹೀರಿ ಎಲೆಯಲ್ಲಿಟ್ಟುಕೊಳ್ಳುವ ಗುಣವೂ ಇದಕ್ಕಿದೆ. ಪೇಟೆಯ ಚರಂಡಿ ಬದಿಯಲ್ಲೋ, ಕೊಳಚೆ ಹರಿಯುವ ಕೆರೆಯಂಚಿನಲ್ಲೋ ಕಂಡದ್ದನ್ನು ಕಿತ್ತು ತಂದು ಹಸಿಯಾಗಿ ಅರೆಯುವುದು ಸಲ್ಲದು. ಹಸಿಯಾಗಿ ತಿನ್ನುವ ಸೊಪ್ಪು ಎಂಬುದೇ ಇದನ್ನು ಮನೆಯಲ್ಲಿ ಬೆಳೆಯುವುದಕ್ಕೆ ಸಾಕಷ್ಟು ಕಾರಣ.

ತಂಬುಳಿಯ ಬಗ್ಗೆ ಇಲ್ಲಿ ತುಸು ನಿಲ್ಲಬೇಕು. ತಂಪು ಹುಳಿ ಎಂಬುದೇ ತಂಬುಳಿ ಆಯಿತೆನ್ನುತ್ತಾರೆ. ಮಲೆನಾಡು, ಉತ್ತರ ಕನ್ನಡ, ಕರಾವಳಿಯ ಮನೆಗಳಲ್ಲಿ ಊಟಕ್ಕೆ ಕೂತವರ ಎಲೆಗೆ ಮೊದಲು ಬೀಳುವ ಅನ್ನಕ್ಕೆ ಜೊತೆಯಾಗುವುದು ಇದೇ. ಮನೆಯ ತೋಟಕ್ಕೆ ಇದಕ್ಕಿಂತ ಹೊಂದುವ ಅಡುಗೆ ಸಿಗದು. ಬೇಕಾದದ್ದು ಒಂದು ಹಿಡಿ ಸೊಪ್ಪು ಮಾತ್ರ. ಪಲ್ಯಕ್ಕೋ ಸಾರಿಗೋ ಬೇಕಾಗುವಷ್ಟು ಸೊಪ್ಪನ್ನು ಬಾಲ್ಕನಿಯ ಕುಂಡ ಕೊಡಲಾರದು, ತಂಬುಳಿಗಾಗುವಷ್ಟನ್ನು ಧಾರಾಳವಾಗಿ ಕೊಡುತ್ತದೆ.

ಒಂದೆಲಗದ ತಂಬುಳಿಗೆ ಒಲೆ ಬೇಕಾಗುವುದು ಒಗ್ಗರಣೆಗಷ್ಟೇ. ತೊಟ್ಟುಸಮೇತ ಒಂದು ಹಿಡಿ ಎಲೆಯನ್ನು ಮೂರು ನೀರಿನಲ್ಲಿ ತೊಳೆದು, ಅರ್ಧ ಬಟ್ಟಲು ಕಾಯಿತುರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ನುಣ್ಣಗೆ ಅರೆದು, ಎರಡು ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ, ತುಪ್ಪದಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ದೊಡ್ಡಪತ್ರೆಯದಾದರೆ ಹತ್ತು ಹನ್ನೆರಡು ಎಲೆಯನ್ನು ಮೊದಲು ಜೀರಿಗೆ, ಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿಕೊಳ್ಳಬೇಕು. ಹಸಿ ಎಲೆಯ ಖಾರ, ಒಗರು ಆಗ ಇಳಿದು ಘಮ ಉಳಿಯುತ್ತದೆ. ನಾಲ್ಕು ಜನರ ಊಟಕ್ಕೆ ಇಷ್ಟು ಸಾಕು. ಹತ್ತಂಗುಲದ ಕುಂಡದಲ್ಲಿ ತುಂಬಿಕೊಂಡ ಒಂದು ದೊಡ್ಡಪತ್ರೆ ಗಿಡ ಇಷ್ಟು ಎಲೆಯನ್ನು ಹದಿನೈದು ದಿನಕ್ಕೊಮ್ಮೆ ನಿರಾಯಾಸವಾಗಿ ಕೊಡುತ್ತದೆ. ಅದೇ ಎಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡಿದರೆ ಸೊಪ್ಪು ಕಂಡರೆ ಮುಖ ತಿರುಗಿಸುವ ಮಕ್ಕಳೂ ಕೈಚಾಚುತ್ತಾರೆ.

ಕರಿಬೇವು ಇವೆರಡರಂತೆ ಅವಸರದ ಗಿಡವಲ್ಲ. ಮೊದಲ ವರ್ಷ ಅದು ಬೆಳೆಯುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬರುವಷ್ಟು ನಿಧಾನ. ಮನೆಯವರು ಆಸೆಯಿಂದ ಎಲೆ ಕೀಳಲು ಶುರು ಮಾಡುವುದು ಆಗಲೇ, ಗಿಡ ಸೊರಗುವುದೂ ಆಗಲೇ. ಮೊಣಕಾಲೆತ್ತರ ಬರುವವರೆಗೆ ಮುಟ್ಟದೆ ಬಿಟ್ಟು, ಆಮೇಲೆ ತುದಿ ಕತ್ತರಿಸಿದರೆ ಮೂರು ನಾಲ್ಕು ಕವಲು ಏಳುತ್ತವೆ. ಕೀಳುವಾಗ ಬಿಡಿ ಎಲೆ ತರಿಯದೆ ಇಡೀ ಎಸಳನ್ನೇ ಅದು ಕಾಂಡಕ್ಕೆ ಸೇರುವಲ್ಲಿಂದ ಮುರಿಯಬೇಕು. ಹೂ ಬಿಟ್ಟರೆ ಚಿವುಟಿ ಹಾಕಬೇಕು. ಹದಿನಾಲ್ಕು ಅಂಗುಲಕ್ಕಿಂತ ಚಿಕ್ಕ ಕುಂಡ ಇದಕ್ಕೆ ಸಾಲದು, ಬಿಸಿಲು ಎಷ್ಟಿದ್ದರೂ ಬೇಕು. ಬೀಜದಿಂದ ಬೆಳೆಸುವವರು ಹಣ್ಣಾದ ಕೂಡಲೇ ಬಿತ್ತಬೇಕು, ಏಕೆಂದರೆ ಒಣಗಿದ ಬೀಜ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ. ದೊಡ್ಡ ಮರದ ಬೇರಿನಿಂದ ಎದ್ದ ಮರಿಸಸಿ ಸಿಕ್ಕರೆ ಅದು ಇನ್ನೂ ಒಳ್ಳೆಯದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹೊರತಂದ ‘ಸುವಾಸಿನಿ’ ಎಂಬ ತಳಿಯೂ ಇದೆ. ಹುಳಿ ಮಜ್ಜಿಗೆಯನ್ನು ನೀರಿಗೆ ಬೆರೆಸಿ ಬುಡಕ್ಕೆ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಮೊಸರಿನ ಪಾತ್ರೆ ತೊಳೆದ ನೀರಿಗೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ.

ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥ ಕಂದುಬಿಳಿ ಗುರುತು ಕಂಡರೆ ಹತ್ತಿರದಿಂದ ನೋಡಬೇಕು. ಅದು ನಿಂಬೆ ಚಿಟ್ಟೆಯ ಅಥವಾ ಅದರ ಬಳಗದ ಇನ್ನೊಂದು ಚಿಟ್ಟೆಯ ಮರಿಹುಳು. ಹಕ್ಕಿಗಳ ಕಣ್ಣು ತಪ್ಪಿಸಲು ಹಿಕ್ಕೆಯ ವೇಷ. ಕೆಲವು ದಿನಗಳಲ್ಲಿ ಅದೇ ಹುಳು ದಪ್ಪಗೆ, ಹಸಿರಾಗುತ್ತದೆ. ಎಳೆಯ ಗಿಡವಾದರೆ ನಾಲ್ಕು ಹುಳು ಸೇರಿ ಒಂದು ವಾರದಲ್ಲಿ ಬೋಳಿಸಿಬಿಡುತ್ತವೆ. ವಿಷ ಸಿಂಪಡಿಸುವ ಅಗತ್ಯವಿಲ್ಲ. ಆ ಎಲೆ ನಾಳೆ ಸಾರಿಗೆ ಬೀಳುವಂಥದ್ದು. ಹುಳುವಿರುವ ಎಸಳನ್ನು ಮುರಿದು ಅಕ್ಕಪಕ್ಕದ ನಿಂಬೆ, ಹೇರಳೆ ಗಿಡದ ಮೇಲಿಟ್ಟರೆ ಚಿಟ್ಟೆಯೂ ಉಳಿಯುತ್ತದೆ, ಕರಿಬೇವೂ ಉಳಿಯುತ್ತದೆ.

ನಿಂಬೆಯ ಈ ನೆಂಟಸ್ತನ ದೂರದ ಕನ್ನಡಿಗರಿಗೂ ತಟ್ಟಿದೆ. ಕರಿಬೇವು ನಿಂಬೆ, ಕಿತ್ತಳೆಯ ಕುಟುಂಬಕ್ಕೆ ಸೇರಿದ ಗಿಡ. ಕಿತ್ತಳೆ ತೋಟಗಳನ್ನು ಹಾಳುಗೆಡಹುವ ‘ಗ್ರೀನಿಂಗ್’ ರೋಗವನ್ನು ಹರಡುವ ಸಣ್ಣ ಜಿಗಿಹುಳು ಕರಿಬೇವಿನ ಮೇಲೂ ಬದುಕುತ್ತದೆ. ಹಾಗಾಗಿ ಅಮೆರಿಕಕ್ಕೆ ಹೋಗುವವರು ಊರಿನಿಂದ ಹಸಿ ಕರಿಬೇವು ಒಯ್ಯುವಂತಿಲ್ಲ. ಫ್ಲಾರಿಡಾ, ಕ್ಯಾಲಿಫೋರ್ನಿಯಾದಂಥ ಕಿತ್ತಳೆ ರಾಜ್ಯಗಳಲ್ಲಿ ಗಿಡವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದಕ್ಕೂ ನಿರ್ಬಂಧಗಳಿವೆ. ಅಲ್ಲಿನ ಚಳಿ ರಾಜ್ಯಗಳ ಕನ್ನಡ ಮನೆಗಳಲ್ಲಿ ಕರಿಬೇವಿನ ಕುಂಡ ಬೇಸಿಗೆಯಲ್ಲಿ ಹೊರಗೆ, ಹಿಮ ಬೀಳುವ ಮೊದಲೇ ಒಳಗೆ, ಕಿಟಕಿಯ ಪಕ್ಕಕ್ಕೆ. ಚಳಿಗಾಲದಲ್ಲಿ ಗಿಡ ಎಲೆ ಉದುರಿಸಿ ಬರಿಗಡ್ಡಿಯಾದರೆ ಸತ್ತಿತೆಂದು ಎಸೆಯಬಾರದು. ಆಗ ನೀರು ಕಡಿಮೆ ಮಾಡಿ ಕಾದರೆ ವಸಂತಕ್ಕೆ ಮತ್ತೆ ಚಿಗುರುತ್ತದೆ.

ಮಜ್ಜಿಗೆ ಹುಲ್ಲಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಬೇರಿರುವ ಒಂದು ಕವಲು ನೆಟ್ಟರೆ ವರ್ಷದಲ್ಲಿ ಹಿಂಡಾಗುತ್ತದೆ. ನಿಂಬೆಯ ಘಮಕ್ಕೆ ಕಾರಣ ಸಿಟ್ರಾಲ್ ಎಂಬ ತೈಲಾಂಶ. ಅದು ಬೇಗ ಹಾರಿಹೋಗುವಂಥದ್ದಾದ್ದರಿಂದ ಕಷಾಯವನ್ನು ಕೊತಕೊತ ಕುದಿಸುವ ಬದಲು, ಕುದಿದ ನೀರನ್ನು ಒಲೆಯಿಂದ ಇಳಿಸಿ, ಹುಲ್ಲು ಹಾಕಿ ಐದು ನಿಮಿಷ ಮುಚ್ಚಿಡುವುದು ಮೇಲು. ತುಳಸಿ, ಪುದೀನಕ್ಕೂ ಇದೇ ನಿಯಮ. ಹುಲ್ಲಿನ ಅಂಚು ಕೈ ಕೊಯ್ಯುತ್ತದೆ, ಕತ್ತರಿ ಬಳಸಬೇಕು.

ಈ ಪಟ್ಟಿಯಾಚೆ ಪುದೀನವೂ ಬೇಕೆನಿಸಿದರೆ ಅದಕ್ಕೆ ಬೇರೆಯದೇ ಕುಂಡ ಇರಲಿ. ಮಣ್ಣೊಳಗೆ ಬಳ್ಳಿ ಬಿಟ್ಟು ನೆರೆಯ ಗಿಡವನ್ನು ನುಂಗುವ ಸ್ವಭಾವ ಅದರದು. ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲೇ ಬಲಿತ ನಾಲ್ಕು ಕಡ್ಡಿಯನ್ನು ಲೋಟದ ನೀರಿನಲ್ಲಿಟ್ಟರೆ ವಾರ ಹತ್ತು ದಿನದಲ್ಲಿ ಬೇರು ಬರುತ್ತದೆ. ಕೊತ್ತಂಬರಿ ಬೀಜವನ್ನು ಮೆಲ್ಲನೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಮಾರ್ಚ್, ಏಪ್ರಿಲ್ ಬಿಸಿಲಿಗೆ ಅದು ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ಏಳುತ್ತದೆ. ಬೇಸಿಗೆಯಲ್ಲಿ ಕೊತ್ತಂಬರಿ ಬೆಳೆಯಲಾಗಲಿಲ್ಲ ಎಂದು ಯಾರೂ ಕೊರಗಬೇಕಿಲ್ಲ.

ತುಳಸಿಯದು ಇನ್ನೊಂದು ಬಗೆಯ ಕಷ್ಟ. ಅದು ಪ್ರೀತಿ ಹೆಚ್ಚಾಗಿ ಸಾಯುವ ಗಿಡ. ಬೆಳಿಗ್ಗೆ ಒಬ್ಬರು ನೀರೆರೆಯುತ್ತಾರೆ, ಸಂಜೆ ಇನ್ನೊಬ್ಬರು. ಹಬ್ಬದ ದಿನ ಹಾಲು, ಅರಿಶಿನ ನೀರು. ಬುಡದಲ್ಲೇ ಎಣ್ಣೆ ದೀಪ. ಬೇರು ಕೊಳೆತು ಕಾಂಡ ಕಪ್ಪಾಗುವುದು ಹೀಗೆ. ದ್ವಾದಶಿಯಂದು, ಸಂಜೆಯ ಹೊತ್ತು ತುಳಸಿ ಕೀಳಬಾರದೆಂಬ ನಂಬಿಕೆಯ ಮನೆಗಳೂ ಬಹಳ. ಪೂಜೆಯ ಬೃಂದಾವನ ಅದರ ಪಾಡಿಗಿರಲಿ. ಕಷಾಯಕ್ಕೆಂದು ಇನ್ನೊಂದು ಕುಂಡದಲ್ಲಿ ಎರಡು ಗಿಡ ಬೆಳೆದುಕೊಂಡರೆ ಮನಸ್ಸಿಗೂ ಸಮಾಧಾನ, ಎಲೆಗೂ ಬರವಿಲ್ಲ. ಹೂತೆನೆ ಮೂಡಿದ ಕೂಡಲೇ ಚಿವುಟುತ್ತಿದ್ದರೆ ಗಿಡ ಹೆಚ್ಚು ಕಾಲ ಎಲೆ ಕೊಡುತ್ತದೆ. ಬೀಜಕ್ಕೆ ಬಿಟ್ಟರೆ ಬೇಗ ಮುದಿಯಾಗುತ್ತದೆ.

ಮಣ್ಣಿಗೆ ಮಾಯದ ಸೂತ್ರವೇನೂ ಇಲ್ಲ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದುಂಟು, ಎರಡು ಸಲ ನೀರಲ್ಲಿ ನೆನೆಸಿ ಹಿಂಡಿಕೊಳ್ಳಬೇಕು. ಬಾಲ್ಕನಿಗೆ ಭಾರ ಕಡಿಮೆ ಮಾಡುವುದೂ ಇದೇ ಪುಡಿ. ಕುಂಡದ ತಳದಲ್ಲಿ ನೀರು ಇಳಿಯುವ ತೂತು ಇಲ್ಲದಿದ್ದರೆ ಮಣ್ಣು ಎಷ್ಟು ಚೆನ್ನಾಗಿದ್ದರೂ ವ್ಯರ್ಥ. ಹಿಟ್ಟುತಿಗಣೆ, ಹೇನು ಬಂದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಊರಿಗೆ ತಕ್ಕ ಬುದ್ಧಿ ಮಾತ್ರ ಬೇರೆಬೇರೆ ಬೇಕು. ಉಡುಪಿ, ಮಂಗಳೂರಿನ ಕಡೆ ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡಪತ್ರೆ, ತುಳಸಿ ಎರಡನ್ನೂ ಸೂರಿನ ಕೆಳಗೆ, ಇಟ್ಟಿಗೆಯ ಮೇಲೆ ಎತ್ತಿಡಬೇಕು. ಒಂದೆಲಗಕ್ಕೆ ಮಾತ್ರ ಅದೇ ಹಬ್ಬ. ವಿಜಯಪುರದಲ್ಲಿ ಮಳೆ 600 ಮಿಲಿಮೀಟರ್ ಆಸುಪಾಸು, ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಮಣ್ಣು ನೀರು ಹಿಡಿದು ಬಿರಿಯುವ ಎರೆಮಣ್ಣು. ಅಲ್ಲಿ ಎರೆಗೆ ಮರಳು, ಗೊಬ್ಬರ ಧಾರಾಳವಾಗಿ ಬೆರೆಸಿ, ಮಧ್ಯಾಹ್ನದ ಬಿಸಿಲಿಗೆ ಹಳೆಯ ಸೀರೆಯದಾದರೂ ಒಂದು ಮರೆ ಕಟ್ಟಬೇಕು. ಕರಿಬೇವು ಅಲ್ಲಿ ಚೆನ್ನಾಗಿ ಬರುತ್ತದೆ. ಒಂದೆಲಗವನ್ನು ಬಚ್ಚಲ ನೆರಳಿನಲ್ಲಿ, ಸೋಪು ಬೀಳದ ನೀರಿನ ತೇವದಲ್ಲಿ ಇಟ್ಟವರು ಮಾತ್ರ ಉಳಿಸಿಕೊಳ್ಳಬಲ್ಲರು.

ಈವರೆಗೆ ಹೇಳಿದ್ದೆಲ್ಲ ಊಟದ ಮಾತು. ಮದ್ದಿನ ಮಾತಿಗೆ ಇಳಿದಾಗ ದನಿ ಬದಲಾಗಬೇಕು.

ಮನೆಮದ್ದಿನ ತಿಳಿವಳಿಕೆ ದೊಡ್ಡ ಆಸ್ತಿ. ಬೆಂಗಳೂರಿನ ಯಲಹಂಕದ ಬಳಿ ಇರುವ, 1993ರಲ್ಲಿ ಆರಂಭವಾದ ಎಫ್‌ಆರ್‌ಎಲ್‌ಎಚ್‌ಟಿ ಎಂಬ ಸಂಸ್ಥೆ ಕರ್ನಾಟಕ, ತಮಿಳುನಾಡು, ಕೇರಳದ ಹಳ್ಳಿ ಮನೆಗಳಲ್ಲಿ ಮೂಲಿಕೆ ತೋಟ ಬೆಳೆಸುವ ಕೆಲಸ ಮಾಡಿದ್ದು ಆ ಆಸ್ತಿಯನ್ನು ನಂಬಿಯೇ. ಆಯಾ ಊರಿನ ಸಾಮಾನ್ಯ ತೊಂದರೆಗಳು ಯಾವುವೆಂದು ನೋಡಿ, ಅವಕ್ಕೆ ಹೊಂದುವ ಗಿಡಗಳನ್ನೇ ಆರಿಸಿ ಕೊಡುವ ಕ್ರಮ ಅದರದು. ಮನೆಯ ತೋಟಕ್ಕೆ ಹೊರಟವರು ಅನುಸರಿಸಬೇಕಾದ ದಾರಿಯೂ ಅದೇ: ಕಡಿಮೆ ಗಿಡ, ಖಚಿತ ಗುರುತು, ಗೊತ್ತಿರುವ ಉಪಯೋಗ. ಆಡುಸೋಗೆಯ ವಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ ಔಷಧ ಅಂಗಡಿಯ ಕೆಮ್ಮಿನ ಸಿರಪ್‌ಗಳಲ್ಲಿರುವ ಬ್ರೋಮ್‌ಹೆಕ್ಸಿನ್ ತಯಾರಾಯಿತು ಎಂಬುದು ಹಿತ್ತಲಿನ ತಿಳಿವಳಿಕೆಗೆ ಸಂದ ಗೌರವ. ಅದೇ ವಾಸಿಸಿನ್ ಗರ್ಭಕೋಶವನ್ನು ಸಂಕುಚಿಸಬಲ್ಲದು. ಬಸುರಿಯರು ಆಡುಸೋಗೆ ಕಷಾಯ ಕುಡಿಯಬಾರದು ಎಂಬುದೂ ಅಷ್ಟೇ ಸತ್ಯ.

ಅಮೃತಬಳ್ಳಿಯ ಕಥೆಯನ್ನು ಎಲ್ಲರೂ ತಿಳಿದಿರಬೇಕು. ಕೊರೊನಾ ಕಾಲದಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಮನೆಮನೆಯಲ್ಲೂ ಇದರ ಕಷಾಯ ಕುದಿಯಿತು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬಯಿಯಲ್ಲಿ ಹೀಗೆ ಅಮೃತಬಳ್ಳಿ ಸೇವಿಸಿದ ಆರು ಮಂದಿ ಯಕೃತ್ತಿನ ತೊಂದರೆಯಿಂದ ವೈದ್ಯರ ಬಳಿಗೆ ಬಂದರು. 2021ರಲ್ಲಿ ಆ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದಾಗ ಆಯುಷ್ ಸಚಿವಾಲಯ ಒಪ್ಪಲಿಲ್ಲ. ಟೈನೋಸ್ಪೋರಾ ಕಾರ್ಡಿಫೋಲಿಯಾ ಎಂಬ ನಿಜವಾದ ಅಮೃತಬಳ್ಳಿಯ ಬದಲು ಅದರ ದಾಯಾದಿ ಟೈನೋಸ್ಪೋರಾ ಕ್ರಿಸ್ಪಾವನ್ನು ಬಳಸಿರಬಹುದು ಎಂಬುದು ಅದರ ವಾದ. ಮರುವರ್ಷ ದೇಶದ ಹಲವು ಆಸ್ಪತ್ರೆಗಳು ಸೇರಿ 43 ರೋಗಿಗಳ ವಿವರ ಪ್ರಕಟಿಸಿದವು. ವಾದ ಯಾವ ಕಡೆಗೆ ವಾಲಿದರೂ ಮನೆಯವರಿಗೆ ಪಾಠ ಒಂದೇ. ಎರಡೂ ಬಳ್ಳಿಯ ಎಲೆ ಹೃದಯದ ಆಕಾರದ್ದು, ಕಣ್ಣಳತೆಯಲ್ಲಿ ಬೇರೆ ಮಾಡುವುದು ಕಷ್ಟ. ಕಾಂಡದ ಮೇಲೆ ದಟ್ಟವಾಗಿ ಎದ್ದ ಗುಳ್ಳೆಗಳಿದ್ದರೆ ಅದು ಕ್ರಿಸ್ಪಾ ಇರುವ ಸಂಭವ ಹೆಚ್ಚು. ಬಳ್ಳಿ ಸರಿಯಾದದ್ದೇ ಇದ್ದರೂ ತಿಂಗಳುಗಟ್ಟಲೆ ದಿನವೂ ಕುಡಿಯುವುದು, ಅದರಲ್ಲೂ ಥೈರಾಯ್ಡ್ ಗ್ರಂಥಿಯ ಸ್ವನಿರೋಧಕ ಕಾಯಿಲೆಯಂಥವು ಇರುವವರು ವೈದ್ಯರನ್ನು ಕೇಳದೆ ಕುಡಿಯುವುದು ಸರಿಯಲ್ಲ.

ಚಕ್ರಮುನಿಯದು ಇನ್ನೊಂದು ಪಾಠ. ‘ವಿಟಮಿನ್ ಸೊಪ್ಪು’ ಎಂದು ಹೆಸರಾದ ಇದು ಕರ್ನಾಟಕದ ಬೇಲಿಗಳಲ್ಲಿ ಧಾರಾಳ. ಪಲ್ಯ, ಸಾಂಬಾರಿಗೆ ಬೇಯಿಸಿ ತಿನ್ನುವುದು ನಮ್ಮ ಕ್ರಮ. 1994-95ರ ಹೊತ್ತಿಗೆ ತೈವಾನಿನಲ್ಲಿ ತೂಕ ಇಳಿಸಿಕೊಳ್ಳಲು ಜನ ಇದನ್ನೇ ಹಸಿಯಾಗಿ ರುಬ್ಬಿ ದಿನವೂ ಲೋಟಗಟ್ಟಲೆ ಕುಡಿದರು. ಹಲವರ ಶ್ವಾಸಕೋಶದ ಸಣ್ಣ ನಾಳಗಳು ಮತ್ತೆ ಸರಿಹೋಗದಂತೆ ಹಾಳಾದವು, ಸಾವುಗಳೂ ಆದವು. ಆಗಾಗ ಒಂದು ಹಿಡಿ ಬೇಯಿಸಿ ತಿಂದರೆ ಆಹಾರ. ಹಸಿ ರಸ ಮಾಡಿ ದಿನವೂ ಕುಡಿದರೆ ಅದು ಬೇರೆಯೇ.

ಮಕ್ಕಳ ವಿಷಯದಲ್ಲಂತೂ ಎಚ್ಚರ ಇನ್ನಷ್ಟು ಬೇಕು. ದೊಡ್ಡಪತ್ರೆಯ ಎಲೆ ಬಾಡಿಸಿ ಹಿಂಡಿದ ರಸವನ್ನು ಜೇನಿನಲ್ಲಿ ಕಲಸಿ ಕೂಸಿಗೆ ನೆಕ್ಕಿಸುವ ರೂಢಿ ಎಷ್ಟೋ ಮನೆಗಳಲ್ಲಿದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಗರುಳಿನಲ್ಲಿ ಮೊಳೆತು ನರಗಳನ್ನು ನಿಷ್ಕ್ರಿಯಗೊಳಿಸುವ ವಿಷ ಉಂಟುಮಾಡಬಲ್ಲವು. ಬಜೆಯನ್ನು ತೇಯ್ದು ಕುಡಿಸುವ ಪದ್ಧತಿಯೂ ಹಾಗೆಯೇ. ಬಜೆಯಲ್ಲಿರುವ ಬೀಟಾ ಅಸರೋನ್ ಎಂಬ ಅಂಶದ ಅಪಾಯ ಕಂಡು ಅಮೆರಿಕ 1968ರಲ್ಲೇ ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಹಿರಿಯರು ಕೊಟ್ಟದ್ದು ಪ್ರೀತಿಯಿಂದ ಎಂಬುದರಲ್ಲಿ ಸಂದೇಹವಿಲ್ಲ. ಈಗ ಗೊತ್ತಾದದ್ದನ್ನು ಅಷ್ಟೇ ಪ್ರೀತಿಯಿಂದ ಅವರಿಗೆ ತಿಳಿಸುವುದು ಕಿರಿಯರ ಕೆಲಸ.

ಲೋಳೆಸರ ಕೊಯ್ದಾಗ ಸಿಪ್ಪೆಯಡಿಯಿಂದ ಒಸರುವ ಹಳದಿ ರಸ ಬಲವಾದ ಭೇದಿ ಮದ್ದು. ಎಲೆಯನ್ನು ಹತ್ತು ಹದಿನೈದು ನಿಮಿಷ ನಿಲ್ಲಿಸಿ ಅದು ಸೋರಿಹೋದ ಮೇಲೆ ಒಳಗಿನ ತಿಳಿ ಲೋಳೆಯನ್ನು ಚರ್ಮಕ್ಕೆ ಹಚ್ಚಬೇಕು. ಇನ್ನು ಬ್ರೆಜಿಲ್ ಮೂಲದ ‘ಇನ್ಸುಲಿನ್ ಗಿಡ’. ಅದರ ಹೆಸರು ಗಿಡ ಮಾರುವವರಿಗೆ ಅನುಕೂಲ ಮಾಡಿದೆ. ಎಲೆಯೊಳಗೆ ಇನ್ಸುಲಿನ್ ಇಲ್ಲ. ಅದನ್ನು ಜಗಿಯುತ್ತ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದವರು ಕೈಯಾರೆ ಅಪಾಯ ತಂದುಕೊಳ್ಳುತ್ತಾರೆ.

ಗಿಡಗಳನ್ನು ಎಲ್ಲಿಂದ ತರುವುದು? ತೋಟಗಾರಿಕೆ ಇಲಾಖೆಯ ನರ್ಸರಿಗಳು, ಲಾಲ್‌ಬಾಗಿನೊಳಗಿನ ನರ್ಸರಿಗಾರರ ಸಹಕಾರ ಸಂಘದ ಮಳಿಗೆ, ಕೃಷಿ ವಿಶ್ವವಿದ್ಯಾಲಯಗಳ ಮೇಳಗಳು ಇವೆ. ಕೊಳ್ಳುವಾಗ ಸಸ್ಯಶಾಸ್ತ್ರದ ಹೆಸರನ್ನೂ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು. ಕುಂಡಕ್ಕೊಂದು ಚೀಟಿ ಸಿಕ್ಕಿಸಿ ಹೆಸರು, ನೆಟ್ಟ ದಿನ ಬರೆದರೆ ಮನೆಯ ಉಳಿದವರಿಗೂ ಗುರುತು ತಪ್ಪುವುದಿಲ್ಲ.

ದೊಡ್ಡಪತ್ರೆಗೆ ಮಾತ್ರ ಇದಾವುದೂ ಬೇಡ. ಪಕ್ಕದ ಮನೆಯ ಕಾಂಪೌಂಡಿನಾಚೆ ಕಂಡರೆ ಬಾಗಿಲು ತಟ್ಟಿ, ‘ಒಂದು ಕಡ್ಡಿ ಕೊಡ್ತೀರಾ ಅಕ್ಕಾ’ ಎಂದು ಕೇಳಿ. ಇಲ್ಲವೆನ್ನುವವರು ಅಪರೂಪ. ಜೂನ್ ಮೊದಲ ವಾರ ನೆಟ್ಟರೆ ಶ್ರಾವಣ ಹುಟ್ಟುವ ಹೊತ್ತಿಗೆ ಒಂದು ತಂಬುಳಿಗಾಗುವಷ್ಟು ಎಲೆ ಸಿಗುತ್ತದೆ.